ಪಕ್ಕದ ಸೀಟಿನ ಕಿವಿ

ಫೆಬ್ರವರಿ 9

ಪುಟ್ಟಿ,

ಓಡಿಸುವವನಿಗೆ ಕೇಳಿಸುವುದಿಲ್ಲ, ಪಕ್ಕದಲ್ಲಿ ಕೂತವರಿಗೇ ಕೇಳಿಸುವುದು ಅಂತ ಒಂದು ಮಾತಿತ್ತಲ್ಲ, ಅದನ್ನು ಹೇಳಿದ್ದು ನೀನೋ ಪ್ರೆಸ್ಸಿನ ಯಜಮಾನರೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಅರ್ಧ ಮಾತ್ರ ನೆನಪಿದೆ. ಉಳಿದರ್ಧದಲ್ಲಿ ಏನೋ ಬುದ್ಧಿವಾದ ಇತ್ತು. ಬುದ್ಧಿವಾದವನ್ನು ನಾನು ಯಾವತ್ತೂ ನೆನಪಿಟ್ಟುಕೊಂಡವನಲ್ಲ.

ಇವತ್ತು ಭಾನುವಾರ, ಕಾರು ತೆಗೆದೆ. ನೀನು ಹೋಗುವಾಗ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ: ‘ವಾರಕ್ಕೊಮ್ಮೆ ಓಡದಿದ್ದರೆ ಬ್ಯಾಟರಿ ಸಾಯುತ್ತೆ, ಟಯರು ಚಪ್ಪಟೆಯಾಗುತ್ತೆ, ಎಂಜಿನ್ ಒಣಗುತ್ತೆ. ನಿಂತ ಕಾರು ಹೆಣ.’ ಕೊನೆಯ ಮಾತು ಕಂಡಾಗಲೆಲ್ಲ ನಿನ್ನ ಅತ್ತಿಗೆ ‘ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು’ ಎನ್ನುತ್ತಾಳೆ. ಆದರೆ ಅಳಿಸಿಲ್ಲ.

ಕೀಲಿ ತಿರುಗಿಸಿ ಕಾದೆ. ಹಿಂಬದಿಯಲ್ಲಿ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದಿತು. ಮೊದಲು ಅವಸರದಲ್ಲಿ, ಆಮೇಲೆ ನಿಧಾನವಾಗಿ, ಕೊನೆಗೆ ಏನೋ ನೆನಪಾದವರ ಹಾಗೆ ಇನ್ನೊಂದೇ ಸಲ ಟಿಕ್ ಎಂದು ಸುಮ್ಮನಾಯಿತು. ಕಾರ್ಬುರೇಟರಿನ ಬಟ್ಟಲು ತುಂಬಿತು ಎಂದು ತಿಳಿದು ಚೋಕ್ ಎಳೆದೆ, ಸ್ಟಾರ್ಟ್ ಆಯಿತು. ಬೇಕರಿ ತಿರುವು, ನೀರಿನ ಟ್ಯಾಂಕಿನ ಪಕ್ಕದ ನೇರ ರಸ್ತೆ, ಎಲ್ಲ ಚೆನ್ನಾಗಿಯೇ ಆಯಿತು. ಸೇತುವೆಯ ಏರು ಬಂದಾಗ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದವರ ಹಾಗೆ ಹೊರಡುತ್ತದೆ. ಈಗ ಕೆಲವು ವಾರಗಳಿಂದ ಹೀಗೇ. ಅತ್ತಿಗೆ ಕೇಳಿದಳು: ‘ಏನಾಗಿದೆಯಂತೆ ನನ್ನ ಸವತಿಗೆ? ಏರು ಹತ್ತೋವಾಗ ಏದುಸಿರು ಬಿಡ್ತಾಳೆ. ಬಸುರಿ ಗಿಸುರಿ ಅಲ್ಲ ತಾನೆ?’

ನಿನ್ನ ಅಭಿಪ್ರಾಯ ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ಎಂಜಿನ್ನಿನ ವಿಷಯ ಮಾತಾಡಲಾಗುವುದಿಲ್ಲ. ಬರೆದರೆ ಇಬ್ಬರಿಗೂ ಯೋಚಿಸುವುದಕ್ಕೆ ವ್ಯವಧಾನ ಇರುತ್ತದೆ.

ಅಣ್ಣ


ಫೆಬ್ರವರಿ 21

ಅಣ್ಣಾ,

ಆ ಮಾತು ಯಜಮಾನರದು. ಪ್ರೆಸ್ ಮುಚ್ಚಿದ ದಿನ ಕಾಗದದ ಹೊರೆಗಳ ಹಿಂದಿನಿಂದ ಕಾರನ್ನು ಹಗ್ಗ ಕಟ್ಟಿ ಎಳೆದೆವಲ್ಲ, ಆಗ. ಗುಜರಿಯವನು ಗೇಟಿನ ಹೊರಗೆ ಕಾದಿದ್ದ. ಯಜಮಾನರು ಅವನ ಕಡೆ ನೋಡದೆ ನಿನ್ನನ್ನು ಕರೆದು, ‘ಇಷ್ಟು ವರ್ಷ ನನ್ನ ಮೆಷಿನ್ ನೋಡ್ಕೊಂಡೆ, ಇದನ್ನೂ ನೀನೇ ನೋಡ್ಕೋ’ ಅಂದರು. ನೀನು ಸ್ಟಿಯರಿಂಗ್ ಹಿಡಿದೆ, ನಾನು ಪಕ್ಕದಲ್ಲಿ ಕೂತೆ. ಆಗ ಅವರು ಕಿಟಕಿಗೆ ಬಗ್ಗಿ ಹೇಳಿದ್ದು: ‘ಓಡಿಸೋನಿಗೆ ರಸ್ತೆ ಕಾಣತ್ತೆ, ಗಾಡಿ ಕೇಳ್ಸಲ್ಲ. ಪಕ್ಕದಲ್ಲಿ ಕೂತೋರಿಗೇ ಕೇಳ್ಸೋದು. ಒಬ್ಬನೇ ಹೋಗ್ಬೇಡ ಕಣಯ್ಯಾ.’ ನೀನು ಮರೆತ ಅರ್ಧ ಇದು.

ನಿನ್ನ ಕಾಗದ ಓದುವಾಗ ನಾನು ಲಿಫ್ಟಿನ ಬಾವಿಯ ತಳದಲ್ಲಿ ಕೂತಿದ್ದೆ. ಹನ್ನೆರಡು ಮಹಡಿಯ ಕಟ್ಟಡಕ್ಕೆ ಲಿಫ್ಟು ಕೂರಿಸುತ್ತಿದ್ದೇವೆ. ಮೇಲೆ ಮೋಟರು ತಿರುಗಿಸಿದರೆ ನಾನು ಕೆಳಗೆ ಹಳಿಗೆ ಕಿವಿ ಇಟ್ಟು ಕೇಳುತ್ತೇನೆ. ಜೊತೆಗಿರುವ ಹುಡುಗಿಯರ ಬಳಿ ಅಳತೆಯ ಯಂತ್ರಗಳಿವೆ, ನನಗೆ ಇದೇ ಅಭ್ಯಾಸ. ಅಲ್ಲಿ ಕೂತು ನೀನು ಬರೆದ ಪಂಪಿನ ಶಬ್ದ ಓದಿದೆ. ಎಷ್ಟು ಸರಿಯಾಗಿ ಬರೆದಿದ್ದೀಯ! ‘ಏನೋ ನೆನಪಾದವರ ಹಾಗೆ’ ಎನ್ನುವಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದೆ. ನಾವಿಬ್ಬರೂ ಉಸಿರು ಹಿಡಿದು ಆ ಕೊನೆಯ ಟಿಕ್‌ಗೆ ಕಾಯುತ್ತಿದ್ದೆವಲ್ಲ.

ಪಂಪು ನಿಂತಿತು ಅಂದರೆ ಪಂಪು ಆರೋಗ್ಯವಾಗಿದೆ, ಪೈಪಿನಲ್ಲೂ ಗಾಳಿ ಸೇರಿಲ್ಲ. ಗಾಳಿ ಸೇರಿದ್ದರೆ ಅದು ನಿಲ್ಲದೆ ಬಡಿಯುತ್ತಲೇ ಇರುತ್ತದೆ. ಹಾಗಾಗಿ ಅತ್ತ ಕೈ ಹಾಕಬೇಡ. ಫಿಲ್ಟರ್ ಬಿಚ್ಚಿ ತೊಳೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿರುವ ಸಣ್ಣ ತೂತು ಮುಚ್ಚಿಕೊಂಡಿದೆಯೇ ನೋಡು.

ಗ್ಯಾರೇಜಿನ ಚಾಳೀಸು ಮೇಸ್ತ್ರಿ ಸೈಡ್ ಕನ್ನಡಿ ಹಾಕಿಸಿ ಅಂತ ಮತ್ತೆ ಶುರು ಮಾಡಿದರೆ ಒಪ್ಪಬೇಡ. ಹುಟ್ಟುವಾಗ ಇಲ್ಲದ ಕನ್ನಡಿ ಈಗೇಕೆ? ಮಡ್‌ಗಾರ್ಡಿಗೆ ತೂತು ಹೊಡೆದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ.

ಇಲ್ಲೊಬ್ಬ ದರ್ಜಿ ಸಿಕ್ಕಿದ್ದಾನೆ. ಹಿಂದಿನ ಕಿಟಕಿಗೆ ಮೊದಲು ಒಂದು ಸುರುಳಿ ಪರದೆ ಇತ್ತು, ಅದರ ಹಿತ್ತಾಳೆ ಕೊಕ್ಕೆಗಳು ಇನ್ನೂ ಇವೆಯಲ್ಲ, ಫೋಟೋ ನೋಡಿ ಅದನ್ನು ಹೊಲಿದುಕೊಡುತ್ತಾನಂತೆ.

ತಂಗಿ


ಮಾರ್ಚ್ 18

ಪುಟ್ಟಿ,

ಫಿಲ್ಟರ್ ತೊಳೆದೆ. ಮುಚ್ಚಳದ ತೂತಿಗೆ ಸೂಜಿ ಹಾಕಿದೆ. ಎರಡು ವಾರ ಸೇತುವೆ ಹತ್ತಿತು, ಮೊನ್ನೆ ಭಾನುವಾರ ಮತ್ತೆ ನಿಂತಿತು.

ಉಳಿದಂತೆ ಎಂಜಿನ್ ಚೆನ್ನಾಗಿದೆ. ಒಳಗೆ ಟ್ಯಾಪೆಟ್ಟುಗಳ ಬಡಿತ ಪಕ್ಕದ ಮನೆಯ ಹೊಲಿಗೆ ಯಂತ್ರದ ಹಾಗೆ, ಗೋಡೆಯಾಚೆ, ಹಗುರವಾಗಿ. ಎರಡನೇ ಗೇರಿನಲ್ಲಿ ಆ ಹಳೆಯ ಗುಂಯ್ ಇದೆ, ಮೂರನೆಯದಕ್ಕೆ ಹಾಕಿದೊಡನೆ ಯಾರೋ ಕೋಣೆಯಿಂದ ಎದ್ದು ಹೋದ ಹಾಗೆ ನಿಲ್ಲುತ್ತದೆ. ಪಂಪಂತೂ ಗಡಿಯಾರ. ಇದನ್ನೆಲ್ಲ ಬರೆಯುವುದೇ ನನಗೊಂದು ಸುಖವಾಗಿಬಿಟ್ಟಿದೆ. ಓಡಿಸುವಾಗಲೇ ವಾಕ್ಯಗಳು ಬರುತ್ತವೆ. ಕೆಲವೊಮ್ಮೆ ಓಡಿಸುವ ಮೊದಲೇ ಬರುತ್ತವೆ.

ಅತ್ತಿಗೆ ಈಗ ಕಾರಿನಲ್ಲಿ ಬರುವುದಿಲ್ಲ. ಹೋದ ವಾರ ಹೊರಡುವ ಹೊತ್ತಿಗೆ ನನ್ನೆದುರು ಬಂದು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು: ‘ನಿಮ್ಮ ಜೊತೆ ಬರೋದೂ ಒಂದೇ, ಗೋಡೆ ಜೊತೆ ಬರೋದೂ ಒಂದೇ. ನಾನು ಮನೇಲೇ ಇರ್ತೀನಿ. ಇಲ್ಲಿ ನಾಲ್ಕು ಗೋಡೆ ಇವೆ.’ ಅವಳ ಮಾತು ಯಾವಾಗಲೂ ಹೀಗೆ, ಬೆಲ್ಲಕ್ಕೆ ಮೆಣಸು ಬೆರೆಸಿದ ಹಾಗೆ. ನಾನು ನಕ್ಕೆ. ಅವಳು ನಗಲಿಲ್ಲ. ವಯಸ್ಸಾದಂತೆ ಹೆಂಗಸರಿಗೆ ಹಳೆಯ ವಸ್ತುಗಳ ಮೇಲೆ ಬೇಸರ ಬರುತ್ತದೋ ಏನೋ, ಗಂಡನನ್ನೂ ಸೇರಿಸಿ.

ಪಕ್ಕದ ಸೀಟಿನ ಮೇಲೆ ಧೂಳು ಕೂರದಂತೆ ಬಟ್ಟೆ ಹೊದಿಸಿದ್ದೇನೆ. ನೀನು ವರ್ಷಾಂತ್ಯಕ್ಕೆ ವರ್ಗ ಮಾಡಿಸಿಕೊಂಡು ಬರುವುದಾಗಿ ಹೇಳಿದ್ದೆಯಲ್ಲ.

ಅಣ್ಣ


ಏಪ್ರಿಲ್ 6

ಅಣ್ಣಾ,

ನಿನ್ನೆ ಫೋನ್ ಮಾಡಿದೆ. ಬೇಡವೆಂದರೂ ಮಾಡಿದೆ. ಅತ್ತಿಗೆ ‘ಕೊಡ್ತೀನಿ ಇರು, ನೀನಾದ್ರೂ ಮಾತಾಡ್ಸು’ ಅಂದರು. ಆಮೇಲೆ ನಿನ್ನ ಉಸಿರು ಕೇಳಿಸಿತು. ‘ನನ್ನ ಮೇಲೆ ಏನಾದರೂ ಬೇಜಾರಾ ಅಣ್ಣಾ?’ ಅಂತ ಕೇಳಿದೆ. ನೀನು ‘ಹ್ಞೂ, ಹ್ಞೂ, ಸರಿ ಸರಿ’ ಅಂದು ಇಟ್ಟುಬಿಟ್ಟೆ.

ಬೇಜಾರಾ ಅಂತ ಕೇಳಿದರೆ ಹ್ಞೂ ಅಂದೆ. ಕಾಗದದಲ್ಲಿ ಟ್ಯಾಪೆಟ್ಟಿನ ಬಗ್ಗೆ ಅಷ್ಟು ನಯವಾಗಿ ಬರೆಯುವವನು ತಂಗಿಯ ಜೊತೆ ಎರಡು ಮಾತು ಆಡಲಾರ. ಅತ್ತಿಗೆಯ ಜೊತೆಗೂ ಹೀಗೇ ತಾನೆ? ಅವರು ಹೇಳಿದ ಗೋಡೆಯ ಮಾತಿನಲ್ಲಿ ನನಗೆ ಮೆಣಸು ಕಾಣಲಿಲ್ಲ. ನಾನು ಊರು ಬಿಟ್ಟು ಇಲ್ಲಿಗೆ ಬಂದದ್ದು ನಿನಗೆ ಹಿಡಿಸಲಿಲ್ಲವೆಂದರೆ ಹಾಗೆ ಹೇಳು. ಕಾರು ಇಬ್ಬರದೂ ಅನ್ನುವುದಕ್ಕೆ ಮನಸ್ಸು ಕಹಿಯಾಗಿದ್ದರೆ ಕಾರೂ ನಿನ್ನದೇ, ನನಗೆ ಪಾಲು ಬೇಡ. ಇನ್ನೊಂದು ವಿಷಯ ಬರೆಯಬೇಕೆಂದಿದ್ದೆ. ಈಗ ಬೇಡ.

ಕಾರಿನ ಕೆಲಸ: ಪಂಪು ಸರಿ, ಫಿಲ್ಟರ್ ಸರಿ ಎಂದಾದರೆ ಉಳಿಯುವುದು ಕಾವು. ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿರಬೇಕು. ಎಂಜಿನ್ನಿನ ಪಕ್ಕದ ಪೈಪಿಗೆ ಬಟ್ಟೆ ಸುತ್ತು. ಸೇತುವೆಯ ಮೇಲೆ ಕೆಮ್ಮಿದರೆ ಒತ್ತಾಯ ಮಾಡಬೇಡ, ಎಳೆದುಕೊಂಡು ಹೋಗಬೇಡ. ಅಲ್ಲೇ ನಿಲ್ಲಿಸು, ಆರಲಿ ಬಿಡು. ಯಾರು ಏನಂದರೂ ಅವಸರ ಮಾಡಬೇಡ.

ಪರದೆ ಕಳಿಸಿದ್ದೇನೆ. ಕಂದು ರೇಷ್ಮೆ, ಕೆಳಗೆ ಕುಚ್ಚು. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತಲಾದರೂ ಬರೆ.

ತಂಗಿ


ಮೇ 12

ಪುಟ್ಟಿ,

ಬೇಜಾರು ಏನೂ ಇಲ್ಲ. ಆವತ್ತು ಲೈನು ಸರಿ ಇರಲಿಲ್ಲ.

ಪರದೆ ಚೆನ್ನಾಗಿದೆ ಎಂದರೆ ಸಾಲದು. ಕೊಕ್ಕೆಗಳಿಗೆ ಸಿಕ್ಕಿಸಿ ಕೆಳಗೆ ಎಳೆದಾಗ ಕಾರಿನೊಳಗಿನ ಬೆಳಕೇ ಬದಲಾಯಿತು. ಚಹಾದ ಬಣ್ಣ. ಯಜಮಾನರ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದದ್ದು ಇಂಥ ಬೆಳಕಿನಲ್ಲಿ ಇರಬೇಕು. ನಿನ್ನೆಯ ಸವಾರಿಯನ್ನು ಪರದೆ ಇಳಿಸಿಯೇ ಮಾಡಿದೆ. ಎದುರಿನ ಸಣ್ಣ ಕನ್ನಡಿಯಲ್ಲಿ ರಸ್ತೆಯ ಬದಲು ಪೂರ್ತಿ ರೇಷ್ಮೆ ಕಾಣುತ್ತಿತ್ತು. ಹಿಂದೆ ನೋಡಿ ಆಗಬೇಕಾದ್ದೇನಿದೆ ಅನ್ನಿಸಿತು.

ಜನ ಇಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ. ಯಾವಾಗಲೂ ಒಬ್ಬಿಬ್ಬರು ಕೈ ಬೀಸುತ್ತಾರೆ, ನಿನಗೇ ಗೊತ್ತಲ್ಲ, ಹಳೆಯ ಕಾರು ಕಂಡರೆ ಎಂಥವರ ಮುಖವೂ ಅರಳುತ್ತದೆ. ನಿನ್ನೆ ಟ್ಯಾಂಕಿನ ರಸ್ತೆಯ ಉದ್ದಕ್ಕೂ ಕೈಗಳೇ. ಹಣ್ಣಿನ ಅಂಗಡಿಯವನು ತಕ್ಕಡಿ ಬಿಟ್ಟು ರಸ್ತೆಗೇ ಬಂದು ಎರಡೂ ಕೈ ಎತ್ತಿದ. ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು ಬಾಗಿಲು ತಟ್ಟಿದ, ಏನೋ ಹೊಗಳಿದ. ನಾನೂ ಕೈ ಎತ್ತುತ್ತ ಹೋದೆ. ರಾಜನ ಮೆರವಣಿಗೆ ಅನ್ನು.

ಸೇತುವೆಯ ಏರಿನಲ್ಲಿ ಕೆಮ್ಮಿತು. ನೀನು ಹೇಳಿದ ಹಾಗೆ ಒತ್ತಾಯ ಮಾಡದೆ ಅಲ್ಲೇ ನಿಲ್ಲಿಸಿದೆ. ಆರಲಿ ಎಂದು ಸೀಟಿಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ನಾಲ್ಕೈದು ಜನ ಎಲ್ಲಿಂದಲೋ ಓಡಿ ಬಂದು, ಕೇಳದೆಯೇ ತಳ್ಳತೊಡಗಿದರು. ಒಬ್ಬ ಕಿಟಕಿಯಲ್ಲಿ ಮುಖವಿಟ್ಟು ತುಂಬ ಮಾತಾಡಿದ. ಈಗಿನ ಕಾಲದಲ್ಲಿ ಯಾರು ಯಾರ ಗಾಡಿ ತಳ್ಳುತ್ತಾರೆ ಹೇಳು? ಇಳಿಜಾರು ಸಿಕ್ಕಿ ಎಂಜಿನ್ ಹಿಡಿಯಿತು. ನಾನು ಹಿಂದೆ ತಿರುಗದೆ ಕೈ ಮಾತ್ರ ಹೊರಗೆ ಚಾಚಿ ಥ್ಯಾಂಕ್ಸ್ ಹೇಳಿದೆ.

ಒಂದೇ ಒಂದು ಅಪಶ್ರುತಿ. ಸೇತುವೆ ಮುಗಿದೊಡನೆ ಬಿಳಿ ಗಾಡಿಯೊಂದು ಪಕ್ಕದಿಂದ ನುಗ್ಗಿ ಹೋಯಿತು, ಆಂಬ್ಯುಲೆನ್ಸು. ಮೇಲೆ ದೀಪ ತಿರುಗುತ್ತಿತ್ತು, ಆದರೆ ಸೈರನ್ ಇಲ್ಲ, ಒಂದು ಹಾರ್ನ್ ಕೂಡ ಇಲ್ಲ. ಡ್ರೈವರು ನನ್ನ ಕಡೆ ತಿರುಗಿ ಬಾಯಿ ಮಾಡಿದ. ಸದ್ದಿಲ್ಲದೆ ಬಂದು ಮೈಮೇಲೆ ಬೀಳುವುದು, ಆಮೇಲೆ ಬೈಯುವುದು. ಇಂಥವರ ಕೈಗೆ ರೋಗಿಗಳನ್ನು ಒಪ್ಪಿಸುತ್ತಾರೆ.

ಪಂಪು ಎಂದಿನಂತೆ ಟಿಕ್ ಟಿಕ್ ಎಂದು, ಏನೋ ನೆನಪಾದವರ ಹಾಗೆ ನಿಂತಿತು.

ಅಣ್ಣ


ಜೂನ್ 8

ಅಣ್ಣಾ,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಬರೆಯಲು ಕೂತು ಎದ್ದಿದ್ದೇನೆ.

ನಡುವೆ ಚಾಳೀಸು ಮೇಸ್ತ್ರಿಗೆ ಫೋನ್ ಮಾಡಿದ್ದೆ. ಕಾವು ಅಂತ ನಾನು ಹೇಳಿದ್ದು ನನಗೇ ಸಮಾಧಾನವಾಗಿರಲಿಲ್ಲ. ನಿನಗೆ ಹೇಳದೆ ಅವನನ್ನು ಕೇಳಿದ್ದಕ್ಕೆ ಬೈಯಬೇಡ. ಅವನು ಅಂದದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ:

‘ಕಾವೂ ಇಲ್ಲ ಕರ್ಮಾನೂ ಇಲ್ಲ ಅಕ್ಕಾ. ಪಂಪು ನಿಲ್ಲದೆ ಬಡ್ಕೋತಾ ಇದೆ. ಕೀಲಿ ತಿರುಗಿಸಿದ್ರೆ ಸಾಕು, ಟಕಟಕಟಕ ಅಂತ, ಮರಕುಟಿಗನ ಥರ. ನಮ್ಮ ಗ್ಯಾರೇಜಿನವರೆಗೂ ಕೇಳ್ಸತ್ತೆ. ಪೈಪಲ್ಲಿ ಗಾಳಿ ಹೋಗ್ತಿದೆ ಅಂತ ಚಳಿಗಾಲದಲ್ಲೇ ಅಣ್ಣನೋರಿಗೆ ಹೇಳ್ದೆ. ಅವರು ತಲೆ ಆಡ್ಸಿದ್ರು, ನಕ್ಕರು, ಹೋದ್ರು. ಏನ್ ಹೇಳಿದ್ರೂ ಹಂಗೇ, ನಗ್ತಾರೆ, ತಲೆ ಆಡಿಸ್ತಾರೆ. ಬಾನೆಟ್ ಮುಟ್ಟೋಕೆ ಬಿಡಲ್ಲ. ದೊಡ್ಡೋರು, ಎಷ್ಟು ಸಲ ಹೇಳ್ಲಿ ನಾನು?’

ನಿಲ್ಲದೆ ಬಡಿಯುತ್ತಿದೆ. ಚಳಿಗಾಲದಿಂದ.

ನಿನ್ನ ಕಾಗದಗಳನ್ನು ಮತ್ತೆ ತೆಗೆದೆ. ಹೊಲಿಗೆ ಯಂತ್ರ, ಎದ್ದು ಹೋದವರು, ಏನೋ ನೆನಪಾದವರು. ಅಣ್ಣಾ, ಇವು ಈ ವರ್ಷದ ಶಬ್ದಗಳಲ್ಲ. ಕಾರು ಮೊದಲ ಸಲ ಸ್ಟಾರ್ಟ್ ಆದಾಗ ನಾವಿಬ್ಬರೂ ಕೇಳಿದವು. ಅವುಗಳಲ್ಲಿ ಕೆಲವನ್ನು ಹಾಗೆ ಕರೆದದ್ದೂ ನಾನೇ. ನನ್ನ ಕಿವಿಯಲ್ಲಿದ್ದದ್ದನ್ನು ನೀನು ನನಗೇ ಬರೆದು ಕಳಿಸುತ್ತಿದ್ದೆ. ನಾನು ಅದನ್ನು ನಂಬಿ ರೋಗ ಗುರುತಿಸುತ್ತಿದ್ದೆ, ಇಲ್ಲಿ, ಇಷ್ಟು ದೂರದಲ್ಲಿ, ದೊಡ್ಡ ಜಾಣೆಯ ಹಾಗೆ.

ನಿನಗೆ ಕೇಳಿಸದೆ ಎಷ್ಟು ದಿನವಾಯಿತು?

ಸುಳ್ಳು ಹೇಳಿದೆ ಅಂತ ನಾನು ಹೇಳುತ್ತಿಲ್ಲ. ಅಷ್ಟು ವರ್ಷ ಅಚ್ಚಿನ ಯಂತ್ರಗಳ ಮುಂದೆ ನಿಂತವನು ನೀನು. ಸಂಜೆ ಮನೆಗೆ ಬಂದರೆ ಕೂಗಿಯೇ ಮಾತಾಡುತ್ತಿದ್ದೆ, ನಾವು ನಗುತ್ತಿದ್ದೆವು. ಕಿವಿಯ ಡಾಕ್ಟರ ಹತ್ತಿರ ಹೋಗು. ಅತ್ತಿಗೆಯ ಜೊತೆ ಹೋಗು. ಅವರು ಎದುರು ನಿಂತು ಒಂದೊಂದೇ ಮಾತು ಬಿಡಿಸಿ ಹೇಳಿದ್ದು ಯಾಕೆಂದು ನಿನಗೆ ಗೊತ್ತಿತ್ತು ತಾನೆ? ಮತ್ತು ದಯವಿಟ್ಟು ಕಾರು ಓಡಿಸಬೇಡ. ಪರದೆಯನ್ನು ಮೇಲಕ್ಕೆ ಸುತ್ತಿಬಿಡು. ಸಾಧ್ಯವಾದರೆ ಬಿಚ್ಚಿ ಇಡು.

ಹೋದ ಸಲ ಬರೆಯದೆ ಬಿಟ್ಟ ವಿಷಯ: ಇಲ್ಲೇ ಕಾಯಂ ಆಗಿ ಇರುವಂತೆ ಕೇಳಿದರು. ಒಪ್ಪಿಕೊಂಡೆ, ಜನವರಿಯಲ್ಲೇ. ಸೀಟಿಗೆ ಬಟ್ಟೆ ಹೊದಿಸಿದ್ದೇನೆ ಅಂತ ನೀನು ಬರೆದ ಮೇಲೆ ಹೇಳಲು ಬಾಯಿ ಬರಲಿಲ್ಲ.

ತಂಗಿ


ಜೂನ್ 30

ಅಣ್ಣಾ,

ಉತ್ತರ ಬರಲಿಲ್ಲ. ಅತ್ತಿಗೆಗೆ ಫೋನ್ ಮಾಡಿದರೆ, ‘ಶೆಡ್ಡಲ್ಲಿ ಇರ್ತಾರೆ. ಊಟಕ್ಕೆ ಬರ್ತಾರೆ. ಓಡಿಸ್ತಿಲ್ಲ, ಚಿಂತೆ ಮಾಡ್ಬೇಡ’ ಅಂದರು. ಮತ್ತೇನೋ ಹೇಳಲು ಹೋಗಿ ನಿಲ್ಲಿಸಿದರು. ನಾನೂ ಕೇಳಲಿಲ್ಲ.

ಬರೆ. ಟ್ಯಾಪೆಟ್ಟಿನ ಬಗ್ಗೆಯಾದರೂ ಸರಿ.

ತಂಗಿ


ಜುಲೈ 20

ಪುಟ್ಟಿ,

ನೀನು ನನ್ನ ಕಾಗದದ ಪ್ರತಿ ಸಾಲಿಗೂ ಉತ್ತರ ಕೊಡುವವಳು. ಸೂಜಿ ಹಾಕಿದೆ ಅಂದರೆ ಯಾವ ನಂಬರಿನ ಸೂಜಿ ಎಂದು ಕೇಳುವವಳು. ಜೂನ್ ತಿಂಗಳ ಕಾಗದದಲ್ಲಿ ಆ ಬಿಳಿ ಗಾಡಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಕೈ ಬೀಸಿದವರ ಬಗ್ಗೆ ಇರಲಿಲ್ಲ, ತಳ್ಳಿದವರ ಬಗ್ಗೆ ಇರಲಿಲ್ಲ. ಪರದೆ ಬಿಚ್ಚಿ ಇಡು ಎಂದು ಮಾತ್ರ ಇತ್ತು. ನೀನು ಬರೆಯದೆ ಬಿಟ್ಟದ್ದನ್ನು ಓದುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಕಿವಿ ಹೋದವನಿಗೆ ಓದುವುದಾದರೂ ಬರಬೇಕಲ್ಲ.

ಎಷ್ಟು ದಿನವಾಯಿತು ಎಂದು ಕೇಳಿದ್ದೀಯ. ಗೊತ್ತಿಲ್ಲ. ಅದು ಬಾಗಿಲು ಮುಚ್ಚಿದ ಹಾಗೆ ಹೋಗುವುದಿಲ್ಲ. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಫೋನಿನ ಗಂಟೆ, ಆಮೇಲೆ ಹೆಂಗಸರ ದನಿ. ತೆಳ್ಳಗಿನದೆಲ್ಲ ಮೊದಲು ಹೋಗುತ್ತದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ಯಾವುದು ಕೇಳಿಸುತ್ತಿದೆ, ಯಾವುದು ನೆನಪಾಗುತ್ತಿದೆ ಎನ್ನುವುದರ ನಡುವಿನ ಗೆರೆ ಅಳಿಸಿಹೋಗಿತ್ತು. ಕೀಲಿ ತಿರುಗಿಸಿದರೆ ಪಂಪು ನನ್ನ ತಲೆಯೊಳಗೆ ಬಡಿಯುತ್ತಿತ್ತು, ನಿಲ್ಲಬೇಕಾದಲ್ಲಿ ನಿಲ್ಲುತ್ತಿತ್ತು. ನಾನು ಸುಳ್ಳು ಬರೆದೆ ಎಂದು ನನಗೆ ಈಗಲೂ ಪೂರ್ತಿ ಅನ್ನಿಸುವುದಿಲ್ಲ.

ನಿನ್ನ ಕಾಗದ ಬಂದ ದಿನ ಉದ್ದದ ಸ್ಕ್ರೂ ಡ್ರೈವರ್ ತೆಗೆದುಕೊಂಡು, ತುದಿಯನ್ನು ಪಂಪಿಗೆ ಇಟ್ಟು, ಹಿಡಿಯನ್ನು ಹಲ್ಲಲ್ಲಿ ಕಚ್ಚಿದೆ. ಅತ್ತಿಗೆ ಕೀಲಿ ತಿರುಗಿಸಿದಳು. ಹಲ್ಲಿಗೆ ಬಂತು. ಟಕಟಕಟಕ. ಕಾದೆ. ದವಡೆ ಜೋಮು ಹಿಡಿಯುವ ತನಕ ಕಚ್ಚಿಕೊಂಡೇ ಇದ್ದೆ. ಅದು ನಿಲ್ಲಲಿಲ್ಲ. ಮೇಸ್ತ್ರಿ ಬಂದು ಪೈಪಿನ ಒಂದು ಬಿರುಕು ಬಿಟ್ಟ ರಬ್ಬರು ಬದಲಾಯಿಸಿದ. ಅಷ್ಟೇ ಕೆಲಸ.

ಅತ್ತಿಗೆ ಆ ಭಾನುವಾರದ ವಿಷಯವನ್ನು ಮೊದಲೇ ತಿಳಿದಿದ್ದಳು. ಹಣ್ಣಿನ ಅಂಗಡಿಯವನು ಹೇಳಿದ್ದನಂತೆ, ಅವಳು ನನ್ನಿಂದ ಮುಚ್ಚಿಟ್ಟಿದ್ದಳು. ಈಗ ನಾನೇ ಅವಳನ್ನು ಕರೆದುಕೊಂಡು ಅವನ ಹತ್ತಿರ ಹೋದೆ. ಅವನು ಹೇಳಿದ, ಅವಳು ಚೀಲದ ಮೇಲೆ ಕಾಗದವಿಟ್ಟು ಬರೆದು ತೋರಿಸಿದಳು: ‘ಟ್ಯಾಂಕ್ ಹತ್ತಿರದಿಂದ್ಲೇ ನಿಮ್ಮ ಹಿಂದೆ ಇತ್ತು ಸಾರ್. ಸೈರನ್ ಊರಿಗೆಲ್ಲ ಕೇಳ್ತಿತ್ತು. ಪಕ್ಕಕ್ಕೆ ತಗೊಳ್ಳಿ ಅಂತ ನಾವೆಲ್ಲ ಕೈ ಬೀಸ್ತಿದ್ವಿ, ನೀವು ನಮಗೇ ಕೈ ಬೀಸಿಕೊಂಡು ಹೋದ್ರಿ. ಸೇತುವೆ ಮೇಲಂತೂ ನಿಲ್ಲಿಸ್ಬಿಟ್ರಿ. ಎದುರಿಂದ ಲಾರಿಗಳು, ಅವರಿಗೆ ಆಚೆ ಹೋಗೋಕೂ ಜಾಗ ಇರ್ಲಿಲ್ಲ.’ ಕೊನೆಗೆ ಅವನೇ ಕಾಗದ ತೆಗೆದುಕೊಂಡು ಒಂದು ಸಾಲು ಬರೆದ: ‘ಬೇಕಂತ ಮಾಡಿದ್ದಲ್ಲ ಬಿಡಿ.’ ಒಳಗೆ ಯಾರಿದ್ದರು ಎಂದು ಅವನಿಗೆ ಗೊತ್ತಿಲ್ಲ. ಒಂದು ಹೆಂಗಸು ಮುಂದಿನ ಸೀಟಿನಲ್ಲಿ ಕೂತು ಗಾಜಿಗೆ ಕೈ ಬಡಿಯುತ್ತಿದ್ದಳಂತೆ.

ಅಲ್ಲೇ ನಿಲ್ಲಿಸು, ಅವಸರ ಮಾಡಬೇಡ ಎಂದು ನೀನು ಬರೆದದ್ದನ್ನು ನೀನು ಈಗ ಎಷ್ಟು ಸಲ ಓದಿಕೊಂಡಿರುತ್ತೀಯೆಂದು ಊಹಿಸಬಲ್ಲೆ. ಓದಬೇಡ. ವೈದ್ಯನಿಗೆ ನೋವು ಇಲ್ಲಿದೆ ಎಂದು ತಪ್ಪು ಜಾಗ ತೋರಿಸಿದರೆ ಮದ್ದು ತಪ್ಪುವುದು ವೈದ್ಯನ ತಪ್ಪಲ್ಲ. ಪರದೆಯನ್ನು ಬಿಚ್ಚಿ, ಮಡಿಸಿ, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದು ಚೆನ್ನಾಗಿಯೇ ಇದೆ.

ಮಡ್‌ಗಾರ್ಡಿಗೆ ತೂತು ಹೊಡೆದು ಎರಡೂ ಕಡೆ ಕನ್ನಡಿ ಹಾಕಿದೆ. ಮೇಸ್ತ್ರಿ ಮಾಡುತ್ತೇನೆ ಎಂದ, ನಾನೇ ಡ್ರಿಲ್ ಹಿಡಿದೆ. ಲೋಹದ ಪುಡಿ ಬೆಳ್ಳಗೆ ಬಿತ್ತು. ನೀನು ಮಾತು ಬಿಡುವುದಾದರೆ ಬಿಡು, ನನಗೆ ಈಗ ಅದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಇದು ತಮಾಷೆ. ನಗು.

ಭಾನುವಾರಗಳಲ್ಲಿ ಈಗ ಅತ್ತಿಗೆ ಓಡಿಸುತ್ತಾಳೆ. ಮೇಸ್ತ್ರಿ ಕಲಿಸಿದ. ಸವತಿಯ ಕಿವಿ ಹಿಂಡುವ ಅವಕಾಶ ಈ ಜನ್ಮದಲ್ಲೇ ಸಿಕ್ಕಿತು ಎಂದು ಬರೆದು ತೋರಿಸಿದಳು. ಅವಳಿಗೆ ಗೇರು ಬದಲಾಯಿಸುವಾಗ ಸಿಟ್ಟು ಬರುತ್ತದೆ, ಕಾರಿಗೂ ಬರುತ್ತದೆ. ಟ್ಯಾಂಕಿನ ರಸ್ತೆಯ ತನಕ ಹೋಗಿ ತಿರುಗಿಸುತ್ತೇವೆ, ಸೇತುವೆ ಹತ್ತುವುದಿಲ್ಲ. ನಾನು ಹೊದಿಸಿದ್ದ ಬಟ್ಟೆ ತೆಗೆದು ನಿನ್ನ ಸೀಟಿನಲ್ಲಿ ಕೂರುತ್ತೇನೆ. ನೀನು ಅಲ್ಲೇ ಇರು, ಕಾಯಂ ಆಗು. ಆ ಸೀಟಿನಲ್ಲಿ ಈಗ ಕೇಳಿಸದವನೊಬ್ಬ ಕೂತಿರುತ್ತಾನೆ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು. ಯಾರಾದರೂ ಕೈ ಬೀಸಿದರೆ ಅತ್ತಿಗೆಯ ಮುಖ ನೋಡುತ್ತೇನೆ, ಯಾಕೆ ಬೀಸಿದರು ಎಂದು.

ಇನ್ನು ಒಂದೇ ಸಂಗತಿ ಉಳಿದಿದೆ. ಅದನ್ನು ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು.

ಹೋದ ವಾರ ಸೇತುವೆಯಾಚೆಯ ಆಸ್ಪತ್ರೆಗೆ ನಡೆದುಕೊಂಡು ಹೋದೆ. ಯಾರಿಗೂ ಹೇಳಲಿಲ್ಲ. ಮುಂಬಾಗಿಲಿನ ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಳು. ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಆಂಬ್ಯುಲೆನ್ಸಿನಲ್ಲಿ ತಡವಾಗಿ ಬಂದವರು ಯಾರು, ಅವರು ಏನಾದರು ಎಂದು ಕೇಳಿದೆ. ಮಾತುಗಳನ್ನು ಮನೆಯಿಂದಲೇ ಜೋಡಿಸಿಕೊಂಡು ಹೋಗಿದ್ದೆ. ಬಹಳ ಜೋರಾಗಿ ಕೇಳಿದೆನೋ ಏನೋ, ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವಳು ಎದ್ದು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ಆಮೇಲೆ, ಮುಖವನ್ನು ಸ್ವಲ್ಪ ಕೆಳಗೆ ಮಾಡಿ, ಉತ್ತರ ಹೇಳಿದಳು. ಎರಡು ವಾಕ್ಯ ಇರಬಹುದು. ಅವಳ ತುಟಿ ನನಗೆ ಕಾಣಲಿಲ್ಲ.

ನಾನು ನಕ್ಕೆ. ತಲೆ ಆಡಿಸಿದೆ. ‘ಹ್ಞೂ, ಸರಿ, ಸರಿ’ ಎಂದೆ. ಅವಳ ಮುಖದ ಮೇಲೆ ಏನೋ ಹಾದು ಹೋಯಿತು. ಆಗ ನನ್ನ ಕಾಲುಗಳು ಹೊರಗೆ ನಡೆಯತೊಡಗಿದ್ದವು.

ಗೇಟಿನ ಹತ್ತಿರ ನಿಂತೆ. ಜೇಬಿನಲ್ಲಿ ಕಾಗದವೂ ಪೆನ್ಸಿಲ್ಲೂ ಇದ್ದವು, ಬರೆಸಿಕೊಳ್ಳಬೇಕೆಂದೇ ತಂದದ್ದು. ತಿರುಗಿ ಹೋಗಿ ಬರೆದುಕೊಡಿ ಎನ್ನಬಹುದಿತ್ತು. ನಕ್ಕು ಹೋದವನು ಮತ್ತೆ ಬಂದು ಏನು ಕೇಳುವುದು? ಅವಳು ತಲೆ ತಗ್ಗಿಸಿದ್ದು ನಾಚಿಕೆಯಿಂದಲೋ, ರಿಜಿಸ್ಟರ್ ನೋಡುವುದಕ್ಕೋ, ಇನ್ನು ಯಾವುದಕ್ಕೋ. ಪೆನ್ಸಿಲ್ಲಿನ ಮೊನೆ ಬೆರಳಿಗೆ ತಾಗುತ್ತಿತ್ತು. ಮನೆಗೆ ಬಂದೆ. ನಾಳೆ ಹೋಗುತ್ತೇನೆ ಎಂದು ಅಂದಿನಿಂದ ಪ್ರತಿ ರಾತ್ರಿ ಅಂದುಕೊಳ್ಳುತ್ತೇನೆ.

ಪುಟ್ಟಿ, ಈ ಕೆಳಗಿನದು ನಿನಗಲ್ಲ. ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲದ್ದರಿಂದ ನಿನ್ನ ಕಾಗದದಲ್ಲೇ ಬರೆಯುತ್ತಿದ್ದೇನೆ.

ಆ ಭಾನುವಾರ ನನ್ನ ಹಿಂದೆ, ರೇಷ್ಮೆ ಪರದೆಯ ಆಚೆ, ಮಲಗಿದ್ದವರೇ: ಸೇತುವೆಯ ಮೇಲೆ ನಿಮ್ಮ ಗಾಡಿ ನಿಂತಾಗ ನಿಮಗೆ ಎಚ್ಚರವಿತ್ತೇ? ನೀವು ತಲುಪಿದಿರಾ?